ಬಾಳೆಹಣ್ಣು ಹತ್ತದ ದೋಣಿ

"ಯಾರ ಹತ್ತಿರವಾದರೂ ಬಾಳೆಹಣ್ಣು ಇದೆಯಾ?" ಎಂದು ಬೋಟಿನ ಹುಡುಗ ಕೇಳಿದಾಗ, ಪಾಪ, ಬೆಳಗಿನ ತಿಂಡಿ ಆಗಿಲ್ಲವೇನೋ ಅಂದುಕೊಂಡೆ. ಗಂಟೆ ಇನ್ನೂ ಐದೂಮುಕ್ಕಾಲು. ಹಸಿದವರಿಗೆ ಇಲ್ಲ ಅನ್ನಬಾರದು ಎಂದು ಕೇಳಿಕೊಂಡೇ ಬೆಳೆದವನು ನಾನು. ಕೈಚೀಲದ ಜಿಪ್ ಎಳೆದು, ನನ್ನ ಹೆಂಡತಿ ಹಿಂದಿನ ರಾತ್ರಿಯೇ ಪೇಪರಿನಲ್ಲಿ ಸುತ್ತಿಟ್ಟಿದ್ದ ಆರು ಹಣ್ಣಿನ ಚಿಪ್ಪನ್ನು ಅವನ ಮುಂದೆ ಹಿಡಿದೆ. ಹುಡುಗ ಎರಡು ಹೆಜ್ಜೆ ಹಿಂದೆ ಸರಿದ. ಮೇಲೆ ಚುಕ್ಕಾಣಿಯ ಹತ್ತಿರ ನಿಂತಿದ್ದ ಬಿಳಿಗಡ್ಡದ ಕ್ಯಾಪ್ಟನ್ ಬಗ್ಗಿ ನೋಡಿ, ಆ ಹಣ್ಣು ಕಾರಿಗೆ ವಾಪಸು ಹೋಗುವವರೆಗೆ ಹಗ್ಗ ಬಿಚ್ಚುವುದಿಲ್ಲ ಎಂದ. ನಗುತ್ತಲೇ ಹೇಳಿದ, ಹಗ್ಗ ಮಾತ್ರ ನಿಜವಾಗಿಯೂ ಬಿಚ್ಚಲಿಲ್ಲ.

ಅಳಿಯ ಚಿಪ್ಪನ್ನು ಕಂಕುಳಲ್ಲಿಟ್ಟುಕೊಂಡು ಪಾರ್ಕಿಂಗ್ ಜಾಗದ ಕಡೆ ಓಡಿದ. ಮೀನು ಹಿಡಿಯುವ ಬೋಟಿಗೆ ಬಾಳೆಹಣ್ಣು ಅಪಶಕುನವಂತೆ. ಏಕೆ ಎಂದರೆ ಒಬ್ಬೊಬ್ಬರದು ಒಂದೊಂದು ಕತೆ. ಹಿಂದಿನ ಕಾಲದ ಬಾಳೆಹಣ್ಣಿನ ಹಡಗುಗಳು ಹಣ್ಣು ಕೊಳೆಯುವ ಮೊದಲೇ ಬಂದರು ಮುಟ್ಟಬೇಕೆಂದು ಎಷ್ಟು ಜೋರಾಗಿ ಓಡುತ್ತಿದ್ದವೆಂದರೆ, ಅವುಗಳಿಂದ ಗಾಳ ಹಾಕಿದವನಿಗೆ ಮೀನೇ ಸಿಗುತ್ತಿರಲಿಲ್ಲ ಎನ್ನುವುದು ಒಂದು. ಗೊನೆಯೊಳಗೆ ವಿಷದ ಜೇಡಗಳು ಅಡಗಿ ಬರುತ್ತಿದ್ದವು ಎನ್ನುವುದು ಇನ್ನೊಂದು. ನನಗೆ ಎರಡೂ ಹಿಡಿಸಲಿಲ್ಲ. ನೂಲಹುಣ್ಣಿಮೆಯ ದಿನ ನಮ್ಮ ಕಡೆ ಸಮುದ್ರಕ್ಕೆ ಹಾಲು ಸುರಿದು, ಹೂವು, ತೆಂಗಿನಕಾಯಿ, ಹಣ್ಣು ಅರ್ಪಿಸಿ, ಈ ವರ್ಷವೂ ಕೈಬಿಡಬೇಡ ಎಂದು ಬೇಡಿಕೊಳ್ಳುತ್ತಾರೆ. ಒಂದು ಕಡಲಿಗೆ ನೈವೇದ್ಯವಾದದ್ದು ಇನ್ನೊಂದು ಕಡಲಿಗೆ ಮೈಲಿಗೆ!

ಇದು ನಡೆದದ್ದು 2024ರ ಜೂನ್ ನಡುವಿನ ಒಂದು ಶನಿವಾರ, ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ, ಚೆಸಪೀಕ್ ಕೊಲ್ಲಿಯ ಪಡುದಂಡೆಯ ಚೆಸಪೀಕ್ ಬೀಚ್ ಎಂಬ ಪುಟ್ಟ ಊರಿನ ದಕ್ಕೆಯಲ್ಲಿ. ಮಾರನೆಯ ದಿನ ಅಲ್ಲಿಯವರ ಅಪ್ಪಂದಿರ ದಿನ. ಮಾವನಿಗೆ ಉಡುಗೊರೆ ಎಂದು ಅಳಿಯ ಅರ್ಧ ದಿನದ ಮಟ್ಟಿಗೆ ಚಾರ್ಟರ್ ಬೋಟ್ ಗೊತ್ತುಮಾಡಿದ್ದ. ತಪ್ಪು ನನ್ನದೇ. ತುಮಕೂರಿನ ಈ ಸಸ್ಯಾಹಾರಿ ಹುಡುಗನ ಮುಂದೆ, "ನಾವು ಕಡಲ ಮಕ್ಕಳು ಮಾರಾಯ" ಎಂದು ಹತ್ತು ವರ್ಷಗಳಿಂದ ಕೊಚ್ಚಿಕೊಳ್ಳುತ್ತಲೇ ಬಂದಿದ್ದೆ.

ನಿಜ ಹೇಳುವುದಾದರೆ, ನಾನು ಮೀನು ಹಿಡಿಯುವ ಬೋಟಿನಲ್ಲಿ ಅಳಿವೆ ದಾಟಿದವನೇ ಅಲ್ಲ. ಕುಂದಾಪುರದ ಕೋಡಿಯಲ್ಲಿ, ಅಲೆಯ ಸದ್ದಿನಲ್ಲೇ ಹುಟ್ಟಿ ಬೆಳೆದೆ, ಸರಿ. ಹುಡುಗನಾಗಿದ್ದಾಗ ದಡದಿಂದ ಕೈರಂಪಣಿ ಬಲೆ ಎಳೆಯುವವರ ಸಾಲಿನ ಬಾಲದಲ್ಲಿ ನಿಂತು ಹಗ್ಗಕ್ಕೆ ಕೈಹಚ್ಚಿ, ಪಾಲಿಗೆ ಬಂದ ನಾಲ್ಕು ಬೂತಾಯಿ ಮೀನನ್ನು ಚಡ್ಡಿಯ ಕಿಸೆಯಲ್ಲೇ ತುಂಬಿಕೊಂಡು ಬಂದು ಅಮ್ಮನ ಕೈಯಲ್ಲಿ ಬೈಸಿಕೊಂಡಿದ್ದೂ ಸರಿ. ಆಮೇಲೆ ಬ್ಯಾಂಕು. ಮೂವತ್ತೇಳು ವರ್ಷ ಫ್ಯಾನಿನ ಕೆಳಗೆ ಕೂತು, ಕಡಲಿಗೆ ಹೋಗುವವರಿಗೆ ಸಾಲ ಕೊಟ್ಟೆ. ಟ್ರಾಲ್ ಬೋಟಿಗೆ, ಎಂಜಿನ್ನಿಗೆ, ಪರ್ಸೀನ್ ಬಲೆಗೆ. ನಮ್ಮ ಅರ್ಜಿಯಲ್ಲಿ ಬೋಟಿನ ಉದ್ದ, ಎಂಜಿನ್ನಿನ ಶಕ್ತಿ, ಜಾಮೀನುದಾರನ ಜಮೀನು ಎಲ್ಲಕ್ಕೂ ಕಲಮು ಇತ್ತು. ಮೀನಿಗೆ ಮಾತ್ರ ಒಂದು ಕಲಮೂ ಇರಲಿಲ್ಲ. ಅದು ಇದ್ದೇ ಇರುತ್ತದೆ ಎಂದು ಬ್ಯಾಂಕು ನಂಬಿತ್ತು, ನಾನೂ ನಂಬಿದ್ದೆ. ಎಪ್ಪತ್ತರ ದಶಕದ ನಡುವಿನಲ್ಲಿ ಪರ್ಸೀನ್ ಬಂದು ಊರೂರೇ ಸೇರಿ ಎಳೆಯುತ್ತಿದ್ದ ದೊಡ್ಡ ರಂಪಣಿಯನ್ನು ದಡ ಬಿಡಿಸಿತಲ್ಲ, ಅದರ ನಂತರದ ಹಲವು ಸಾಲಪತ್ರಗಳ ಕೆಳಗೆ ನನ್ನ ಸಹಿ ಇದೆ.

ಈ ಚಾರ್ಟರ್ ಬೋಟುಗಳದ್ದು ಬೇರೆಯೇ ಲೋಕ. ಕೋಸ್ಟ್ ಗಾರ್ಡ್ ಕೊಡುವ ಮಾಮೂಲಿ ಪರವಾನಗಿಯಲ್ಲಿ ಬಾಡಿಗೆಗೆ ಕರೆದೊಯ್ಯಬಹುದಾದದ್ದು ಆರೇ ಜನರನ್ನು. ಅದಕ್ಕೇ ಇವಕ್ಕೆ ಸಿಕ್ಸ್ ಪ್ಯಾಕ್ ಎಂದು ಅಡ್ಡಹೆಸರು. ಬೀರ್ ಡಬ್ಬಿಗಳ ಕಟ್ಟಿಗೂ ಅದೇ ಹೆಸರು, ಕೆಲವು ಬೋಟುಗಳಲ್ಲಿ ಎರಡಕ್ಕೂ ವ್ಯತ್ಯಾಸ ಇರಲಾರದು. ಗಾಳ, ದಾರ, ಎರೆ ಎಲ್ಲ ಬೋಟಿನದೇ. ನಾವು ಬರಿಗೈಯಲ್ಲಿ, ಬಾಳೆಹಣ್ಣಿಲ್ಲದೆ, ಹೋದರೆ ಸಾಕು. ಕ್ಯಾಪ್ಟನ್ ಅಂದರೆ ನಮ್ಮ ತಂಡೇಲ. ಅವನ ಕೈಕೆಳಗಿನ ಹುಡುಗನನ್ನು ಮೇಟ್ ಎನ್ನುತ್ತಾರೆ. ನಮ್ಮ ಲೆಕ್ಕದಲ್ಲಿ ಕಲಾಸಿ. ನಮ್ಮ ಆರು ಮಂದಿಯಲ್ಲಿ ನಾನು, ಅಳಿಯ, ಅವನ ಆಫೀಸಿನ ಇಬ್ಬರು ಅಮೆರಿಕನ್ನರು, ಒಬ್ಬ ತೆಲುಗಿನವನು, ಒಬ್ಬ ಧಾರವಾಡದವನು. ಬಾಡಿಗೆ ಎಷ್ಟೆಂದು ಕೇಳಿ ರೂಪಾಯಿಗೆ ತಿರುಗಿಸಿ ನೋಡಿದೆ. ಅಷ್ಟರಲ್ಲಿ ಮಲ್ಪೆಯ ಹರಾಜಿನಲ್ಲಿ ಎಷ್ಟು ಬುಟ್ಟಿ ಅಂಜಲ್ ಬರುತ್ತಿತ್ತು ಎಂದು ಲೆಕ್ಕ ಹಾಕಲು ಹೊರಟು, ಅಳಿಯನ ಮುಖ ನೋಡಿ ನಿಲ್ಲಿಸಿದೆ.

ಚೆಸಪೀಕ್ ಕೊಲ್ಲಿ ಎಂದರೆ ಮುನ್ನೂರು ಕಿಲೋಮೀಟರಿಗೂ ಉದ್ದವಾದ ಒಂದು ಅಳಿವೆ. ಅಗಲ ನೋಡಿದರೆ ಸಮುದ್ರವೇ. ಆಳ ಮಾತ್ರ ಸರಾಸರಿ ಇಪ್ಪತ್ತೊಂದು ಅಡಿ, ನಮ್ಮೂರಿನ ಬಾವಿಯಷ್ಟೂ ಇಲ್ಲ. ಮೇಲಿನಿಂದ ನದಿಗಳ ಸಿಹಿನೀರು, ಕೆಳಗಿನಿಂದ ಅಟ್ಲಾಂಟಿಕ್‌ನ ಉಪ್ಪುನೀರು. ಬಣ್ಣವೂ ಗಂಗೊಳ್ಳಿ ಹೊಳೆಯದೇ, ಹಸಿರು ಕಲಸಿದ ಕಂದು. ಇಲ್ಲಿಯ ಅರಸ ಸ್ಟ್ರೈಪ್ಡ್ ಬಾಸ್. ಹೆಸರೇ ಹೇಳುವಂತೆ ಪಟ್ಟೆ ಮೀನು. ಬೆಳ್ಳಿಯ ಮೈ, ಕಿವಿರಿನಿಂದ ಬಾಲದವರೆಗೆ ಏಳೆಂಟು ಕಪ್ಪು ಗೆರೆ, ಯಾರೋ ಶಾನುಭೋಗರು ರೂಲುಕೋಲಿಟ್ಟು ಎಳೆದಂತೆ. ಮೇರಿಲ್ಯಾಂಡಿನವರ ಬಾಯಲ್ಲಿ ಇದು ರಾಕ್‌ಫಿಶ್, ಅವರ ರಾಜ್ಯದ ಮೀನು. ನಮ್ಮ ಕುರುಡೆಯನ್ನು ನೆನೆಸಿಕೊಂಡರೆ ಗಾತ್ರ, ಗತ್ತು ಎರಡೂ ಅಂದಾಜಾಗುತ್ತದೆ. ಕುರುಡೆ ದೊಡ್ಡದಾದ ಮೇಲೆ ಮೊಟ್ಟೆಯಿಡಲು ಉಪ್ಪಿನ ಕಡೆಗೆ ಇಳಿಯುತ್ತದೆ, ಇದು ತಿರುಗುಮುರುಗು. ಸಮುದ್ರದಲ್ಲಿ ಉತ್ತರದ ಮೇಯ್ನ್‌ವರೆಗೂ ತಿರುಗಾಡಿ, ವಸಂತದಲ್ಲಿ ಹೊಳೆಯ ಸಿಹಿನೀರಿಗೆ ಏರಿ ಬರುತ್ತದೆ. ಅಟ್ಲಾಂಟಿಕ್ ತೀರದ ಪಟ್ಟೆ ಮೀನಿನಲ್ಲಿ ಬಹುಪಾಲಿಗೆ ಈ ಕೊಲ್ಲಿಯೇ ತವರುಮನೆ.

ಬಿಳಿಯರು ಅಲ್ಲಿ ಕಾಲೂರಿದ ಹೊಸದರಲ್ಲಿ ಇದು ಎಷ್ಟಿತ್ತೆಂದರೆ, ಜನ ಹೊಲಕ್ಕೆ ಗೊಬ್ಬರ ಮಾಡುತ್ತಿದ್ದರು. ಹಾಗೆ ಮಾಡಕೂಡದೆಂದು ಮ್ಯಾಸಚೂಸೆಟ್ಸ್ ವಸಾಹತು 1639ರಲ್ಲೇ ಕಟ್ಟಳೆ ಹೊರಡಿಸಿತು. 1670ರಲ್ಲಿ ಪ್ಲಿಮತ್ ವಸಾಹತಿನವರು ಕೇಪ್ ಕಾಡ್‌ನ ಮೀನುಗಾರಿಕೆಯಿಂದ, ಅದರಲ್ಲಿ ಈ ಮೀನಿನಿಂದಲೂ, ಬಂದ ಹಣವನ್ನು ಉಚಿತ ಶಾಲೆಗೆಂದು ತೆಗೆದಿಟ್ಟರು. ಮೀನು ಮಾರಿ ಮಕ್ಕಳನ್ನು ಓದಿಸಿದ ತಾಯಂದಿರನ್ನು ಬ್ಯಾಂಕಿನ ಕೌಂಟರಿನಲ್ಲಿ ಕಂಡ ನನಗೆ ಇದು ಪರಿಚಿತ ಸಂಗತಿ. 1879ರಲ್ಲಿ ನ್ಯೂಜೆರ್ಸಿಯ ಹೊಳೆಯೊಂದರಿಂದ ನೂರು ಚಿಲ್ಲರೆ ಮರಿಗಳನ್ನು ರೈಲಿನಲ್ಲಿ ಖಂಡದ ಆಚೆ ಬದಿಗೆ ಸಾಗಿಸಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಗೆ ಬಿಟ್ಟರಂತೆ. ಇಪ್ಪತ್ತು ವರ್ಷದಲ್ಲಿ ಅಲ್ಲಿಯ ಮಾರುಕಟ್ಟೆ ತುಂಬಿತಂತೆ. ರೈಲಿನಲ್ಲಿ ಬಂದು ಊರು ತುಂಬಿದ ಮೀನು ಎಂದಾಗ ಮುಂಬಯಿಗೆ ಹೋದ ನಮ್ಮವರೆಲ್ಲ ನೆನಪಾದರು.

ಒಂದು ಗಂಟೆ ಓಡಿ ಲಂಗರು ಹಾಕಿದೆವು. ಅಲ್ಲಿಯವರೆಗೆ ಗಟ್ಟಿಯಾಗಿದ್ದ ನನ್ನ ಹೊಟ್ಟೆ ಬೋಟು ನಿಂತ ಮೇಲೆ ತೊನೆಯತೊಡಗಿತು. ಅದೇ ಹೊತ್ತಿಗೆ ಹುಡುಗ ಒಂದು ಬಕೆಟ್ಟಿನ ಮುಚ್ಚಳ ತೆಗೆದ. ಒಳಗೆ ಅರೆದ ಮೀನಿನ ರೊಜ್ಜು. ಅದನ್ನು ಸೌಟಿನಲ್ಲಿ ಎತ್ತಿ ಎತ್ತಿ ನೀರಿಗೆ ಹಾಕುವುದು, ವಾಸನೆ ಹಿಡಿದು ಪಟ್ಟೆ ಮೀನು ಬರುವುದು, ಅದೇ ಮೀನಿನ ತುಂಡು ಸಿಕ್ಕಿಸಿದ ಗಾಳವನ್ನು ಅದರ ನಡುವೆ ತೇಲಿಬಿಡುವುದು. ಆ ಮೀನು ಮೆನ್‌ಹೇಡನ್. ಇಡಿಯಾಗಿದ್ದ ಒಂದನ್ನು ಎತ್ತಿ ನೋಡಿದೆ. ಎಣ್ಣೆ ಜಿನುಗುವ ಮೈ, ಬೆಳ್ಳಿ ಹುರುಪೆ, ಒಳಗೆಲ್ಲ ಮುಳ್ಳು: ನಮ್ಮ ಬೂತಾಯಿಯ ದಾಯಾದಿ. ಅಲ್ಲಿ ಇದನ್ನು ಜನ ತಿನ್ನುವುದಿಲ್ಲ. ಎಣ್ಣೆ ತೆಗೆಯುತ್ತಾರೆ, ಹಿಟ್ಟು ಮಾಡುತ್ತಾರೆ, ಎರೆಗೆ ಅರೆಯುತ್ತಾರೆ. ನಮ್ಮ ಬೂತಾಯಿಯೂ ರಾಶಿ ಬಿದ್ದ ವರ್ಷ ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತದೆ ಎಂಬುದು ಗೊತ್ತಿದ್ದೂ, ಆ ಸೌಟು ಕಂಡಾಗ ಕರುಳು ಚುರ್ ಎಂದಿತು. ಎಣ್ಣೆ ತೇಲುವ ಖಾರದ ಸಾರು ಕಣ್ಣ ಮುಂದೆ ಬಂತು. ವಿಚಿತ್ರವೆಂದರೆ, ಅದರಿಂದಲೇ ಹೊಟ್ಟೆ ತೊಳಸುವುದು ನಿಂತಿತು. ಧಾರವಾಡದವನು ಆಗಲೇ ಕಟಾಂಜನ ಹಿಡಿದು ಬಗ್ಗಿದ್ದ.

ಮೊದಲ ಮೀನು ಸಿಕ್ಕಿದ್ದು ನನ್ನ ಕೈಗೆ. ಗಾಳದ ಕೋಲು ಬಿಲ್ಲಿನಂತೆ ಬಾಗಿತು, ರಾಟೆ ಕಿರ್ ಎಂದು ಬಿಚ್ಚಿಕೊಂಡಿತು, ಹುಡುಗ ಏನೋ ಕೂಗಿದ, ನಾನು ಕುಂದಾಪುರದ ಕನ್ನಡದಲ್ಲಿ ಏನೋ ಕೂಗಿದೆ. ಎಪ್ಪತ್ತರ ಹತ್ತಿರ ಬಂದ ತೋಳಿಗೆ ಅಂಥ ಜೀವಂತ ಭಾರ ಸಿಕ್ಕಿ ಯಾವ ಕಾಲವಾಗಿತ್ತೋ. ಕೊನೆಗೆ ಬಲೆಯ ಸೌಟಿನಲ್ಲಿ ಮೇಲೆ ಬಂದಾಗ ಬೋಟಿನವರೆಲ್ಲ ಚಪ್ಪಾಳೆ ತಟ್ಟಿದರು. ಮೂರು ಕಿಲೋಗೆ ಮೋಸವಿಲ್ಲ. ಮನಸ್ಸಿನಲ್ಲೇ ತುಂಡು ಮಾಡಿ, ತಲೆ ಸಾರಿಗೆ, ನಡುಭಾಗ ಹುರಿಯುವುದಕ್ಕೆ ಎಂದು ಪಾಲು ಹಾಕುತ್ತಿದ್ದೆ. ಹುಡುಗ ಒಂದು ಅಳತೆಯ ಹಲಗೆ ತಂದು, ಒದ್ದೆ ಕೈಯಲ್ಲಿ ಮೀನನ್ನು ಅದರ ಮೇಲೆ ಮಲಗಿಸಿದ. ಇಪ್ಪತ್ತಾರು ಇಂಚು. "ಸಾರಿ" ಎಂದವನೇ ಬಾಯಿಯಿಂದ ಗಾಳ ಬಿಡಿಸಿ ಮೀನನ್ನು ನೀರಿಗೆ ಇಳಿಸಿದ. ಬಾಲ ಒಮ್ಮೆ ಬಡಿಯಿತು, ಹೋಯಿತು.

ಹತ್ತೊಂಬತ್ತು ಇಂಚಿಗಿಂತ ಸಣ್ಣದಿರಬಾರದು, ಇಪ್ಪತ್ನಾಲ್ಕಕ್ಕಿಂತ ದೊಡ್ಡದಿರಬಾರದು, ತಲೆಗೆ ದಿನಕ್ಕೆ ಒಂದೇ. ಕೊಲ್ಲಿಗೆ ಆ ವರ್ಷದ ನಿಯಮ ಅದು. ಸಣ್ಣದನ್ನು ಬಿಡಬೇಕೆಂಬುದು ನಮ್ಮಲ್ಲೂ ಹೇಳುವ ಮಾತು. ದೊಡ್ಡದು ಸಿಕ್ಕಿದ್ದಕ್ಕೆ ಬಿಡಬೇಕೆಂಬುದು ನನ್ನ ಬುದ್ಧಿಗೆ ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಮಲ್ಪೆಯಲ್ಲಿ ಇಂಚು ಹೆಚ್ಚಾದಷ್ಟೂ ಹರಾಜಿನ ಕೂಗು ಏರುತ್ತದೆ. ಇಲ್ಲಿ ಎರಡು ಇಂಚು ಹೆಚ್ಚಾಗಿ ಅದು ಬದುಕಿಕೊಂಡಿತು. ಬೆಳೆದ ಹೆಣ್ಣುಮೀನು ಒಂದು ಸಲಕ್ಕೆ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ, ಅದನ್ನೇ ಕಾಯಬೇಕಾದದ್ದು ಎಂದು ಕ್ಯಾಪ್ಟನ್ ವಿವರಿಸಿದ. ವಿವರಿಸಿ, ಆ ನಿಯಮವನ್ನು ಚೆನ್ನಾಗಿ ಬೈದ. ಮೊನ್ನೆ ಮೊನ್ನೆಯವರೆಗೆ ಚಾರ್ಟರಿನವರಿಗೆ ತಲೆಗೆ ಎರಡು ಮೀನಿತ್ತಂತೆ. ವಸಂತದ ದೊಡ್ಡ ಮೀನಿನ ಹಂಗಾಮನ್ನೂ ಈ ವರ್ಷ ಮುಚ್ಚಿಬಿಟ್ಟರು, ಜುಲೈ ಕೊನೆಯ ಎರಡು ವಾರವಂತೂ ಈ ಮೀನಿಗೆ ಗಾಳ ಹಾಕುವಂತೆಯೇ ಇಲ್ಲ; ಒಂದು ಮೀನಿಗೆ ಇಷ್ಟು ದುಡ್ಡು ಕೊಟ್ಟು ಯಾರು ಬರುತ್ತಾರೆ ಎಂದ. ಮಳೆಗಾಲದ ನಿಷೇಧದ ದಿನಗಳಲ್ಲಿ ಬೋಟು ಕಟ್ಟಿಹಾಕಿ, ನನ್ನ ಟೇಬಲ್ಲಿನೆದುರು ಕೂತು ಕಂತು ಮುಂದೂಡಿಕೊಡಿ ಎನ್ನುತ್ತಿದ್ದವರ ಧ್ವನಿಯೇ ಅದು. ಅಭ್ಯಾಸಬಲದಿಂದ ನಾನು ತಲೆಯಾಡಿಸಿದೆ.

"ಅಲ್ರೀ ಕಾಕಾ," ಎಂದ ಧಾರವಾಡದವನು, ಸ್ವಲ್ಪ ಚೇತರಿಸಿಕೊಂಡು, "ರೊಕ್ಕಾ ಕೊಟ್ಟು ಹಿಡಿಯೂದು, ಹಿಡದ ಮ್ಯಾಲೆ ಬಿಡೂದು. ಇದೆಂಥಾ ಉದ್ಯೋಗರೀ?"

ಅವನ ಪ್ರಶ್ನೆ ಅಷ್ಟು ದಡ್ಡತನದ್ದಲ್ಲ. ಬಿಟ್ಟ ಮೀನುಗಳಲ್ಲಿ ನೂರಕ್ಕೆ ಒಂಬತ್ತು ಸಾಯುತ್ತವೆ ಎಂಬುದು ಅಲ್ಲಿಯ ಮೀನುಗಾರಿಕೆ ಆಯೋಗ ಇಟ್ಟುಕೊಂಡಿರುವ ಲೆಕ್ಕ. ಒಂಬತ್ತೇ ತಾನೆ ಅನ್ನಿಸಬಹುದು; ಬಿಡುವ ಮೀನುಗಳ ಸಂಖ್ಯೆ ಕೋಟಿಗಳಲ್ಲಿ. 2017ರಲ್ಲಿ ಮನುಷ್ಯರ ಕೈಯಿಂದ ಸತ್ತ ಪಟ್ಟೆ ಮೀನುಗಳಲ್ಲಿ ಸುಮಾರು ಅರ್ಧ ಹೀಗೆ ದಯೆಯಿಂದ ಬಿಟ್ಟವೇ ಆಗಿದ್ದವು. ಅದಕ್ಕೇ ಈಗ ಎರೆ ಕಟ್ಟುವವರೆಲ್ಲ ತುದಿ ಒಳಕ್ಕೆ ಬಾಗಿದ ದುಂಡು ಗಾಳವನ್ನೇ ಬಳಸಬೇಕು. ಅದು ಹೊಟ್ಟೆಗೆ ಇಳಿಯದೆ ಬಾಯಿಯ ಮೂಲೆಗೆ ಸಿಕ್ಕುತ್ತದೆ. ನನ್ನ ಇಪ್ಪತ್ತಾರು ಇಂಚಿನವಳಿಗೂ ಹಾಗೇ ಸಿಕ್ಕಿತ್ತು. ನೂರರಲ್ಲಿ ಆ ತೊಂಬತ್ತೊಂದರ ಗುಂಪಿನಲ್ಲೇ ಅವಳು ಇರಲಿ.

ಮೀನು ಕಚ್ಚದ ಹೊತ್ತಿನಲ್ಲಿ ಅಳಿಯ ಫೋನಿನಲ್ಲಿ ಹುಡುಕಿ ಹೇಳಿದ ಒಂದು ವಿಷಯ ನನ್ನನ್ನು ನೇರ ಕೋಡಿಯ ಮರಳಿಗೆ ತಂದು ನಿಲ್ಲಿಸಿತು. 1954ರಿಂದಲೂ ಮೇರಿಲ್ಯಾಂಡ್ ಸರ್ಕಾರದವರು ಪ್ರತಿ ವರ್ಷ ಜುಲೈ, ಆಗಸ್ಟ್, ಸೆಪ್ಟೆಂಬರಿನಲ್ಲಿ ಕೊಲ್ಲಿಗೆ ಬೀಳುವ ಹೊಳೆಗಳ ದಡದಲ್ಲಿ ನೂರಡಿ ಉದ್ದದ ಬಲೆಯನ್ನು ಕೈಯಿಂದ ಎಳೆಯುತ್ತಾರೆ. ಇಪ್ಪತ್ತೆರಡು ಜಾಗ, ಒಟ್ಟು ನೂರಮೂವತ್ತೆರಡು ಎಳೆತ. ಬಲೆಯಲ್ಲಿ ಆ ವರ್ಷ ಹುಟ್ಟಿದ ಪಟ್ಟೆ ಮೀನಿನ ಮರಿಗಳೆಷ್ಟು ಎಂದು ಎಣಿಸಿ ಬಿಟ್ಟುಬಿಡುತ್ತಾರೆ. ಕೈರಂಪಣಿಯೇ! ಹಿಡಿಯುವುದಕ್ಕಲ್ಲ, ಎಣಿಸುವುದಕ್ಕೆ. ಎಪ್ಪತ್ತು ವರ್ಷಗಳ ಸರಾಸರಿ ಎಳೆತಕ್ಕೆ ಹನ್ನೊಂದು ಮರಿ. 2023ರಲ್ಲಿ ಒಂದು. ಚಳಿಗಾಲ ಬೆಚ್ಚಗಾಗಿ, ಹೊಳೆಯಲ್ಲಿ ನೀರಿನ ಓಟ ಕಡಿಮೆಯಾದ ವರ್ಷಗಳಲ್ಲಿ ಮರಿ ಉಳಿಯುವುದಿಲ್ಲವಂತೆ. ನಾನು ಊರಿಗೆ ಮರಳಿದ ಮೇಲೆ, ಅಕ್ಟೋಬರಿನಲ್ಲಿ, ಅಳಿಯನ ವಾಟ್ಸಾಪ್ ಬಂತು: "ಮಾವ, ಈ ವರ್ಷ ಎರಡು." ಹಿಂದೆ ಒಮ್ಮೆ ಹೀಗೆಯೇ ಕುಸಿದಾಗ, 1985ರ ಜನವರಿಯಿಂದ ಐದು ವರ್ಷ ಮೇರಿಲ್ಯಾಂಡ್ ಈ ಮೀನು ಹಿಡಿಯುವುದನ್ನೇ ನಿಲ್ಲಿಸಿತ್ತು. 1989ರ ಬಲೆಯಲ್ಲಿ ಎಳೆತಕ್ಕೆ ಇಪ್ಪತ್ತೈದು ಮರಿ ಬಂದವು. 1995ರಲ್ಲಿ ಮೀನು ಚೇತರಿಸಿಕೊಂಡಿತೆಂದು ಘೋಷಿಸಿದರು. ನಮ್ಮ ದಡದಲ್ಲಿ ಹಗ್ಗ ಎಳೆದ ಯಾರೂ ಬಲೆಯಲ್ಲಿ ಎಷ್ಟು ಬಂತೆಂದು ಬರೆದಿಡಲಿಲ್ಲ. ಬರೆದಿಟ್ಟವನು ನಾನು, ಬಂದ ಕಂತನ್ನು.

ಹತ್ತು ಗಂಟೆಯ ಸುಮಾರಿಗೆ ತೆಲುಗಿನವನು "ಶಾರ್ಕ್! ಶಾರ್ಕ್!" ಎಂದು ಕಿರುಚಿದ. ನೀರಿನ ಮೇಲೆ ಎರಡೆರಡು ಕಪ್ಪು ರೆಕ್ಕೆಯ ತುದಿಗಳು ಎದ್ದು ಮುಳುಗುತ್ತಿದ್ದವು, ಒಂದಲ್ಲ, ಹತ್ತಿಪ್ಪತ್ತು. ಕ್ಯಾಪ್ಟನ್ ಮುಖ ಸಿಂಡರಿಸಿದ. ಆ ಕ್ಷಣಕ್ಕೇ ಅಳಿಯನ ಗಾಳ ಬಾಗಿ, ಅವನು ಬಾಗಿ, ಅವನ ಟೊಪ್ಪಿ ನೀರಿಗೆ ಹಾರಿತು. ಇಪ್ಪತ್ತು ನಿಮಿಷ ಜಗ್ಗಾಡಿದ ಮೇಲೆ ಬೋಟಿನ ಪಕ್ಕಕ್ಕೆ ಬಂದದ್ದು ಮೂರಡಿ ಅಗಲದ ಕಂದು ಕಂಬಳಿ. ನಾನು ಎದ್ದು ನಿಂತೆ. "ತೊರಕೆ!"

ಅಲ್ಲಿಯವರು ಇದಕ್ಕೆ ಹಸುಮೂತಿಯದು ಎಂಬರ್ಥದ ಹೆಸರಿಟ್ಟಿದ್ದಾರೆ. ಹಣೆಯ ನಡುವೆ ಸೀಳಿದ್ದು, ನಿಜಕ್ಕೂ ಹಸು ಮುಸುಡಿ ಚಾಚಿದಂತೆಯೇ ಕಾಣುತ್ತದೆ. ಇದರ ಬಂಧುಗಳು ನಮ್ಮ ಸಮುದ್ರದಲ್ಲೂ ಇವೆ. ಬೇಸಿಗೆಗೆ ಹಿಂಡುಹಿಂಡಾಗಿ ಕೊಲ್ಲಿಗೆ ಬಂದು, ಮರಿ ಹಾಕಿ, ಚಳಿಗೆ ಮೊದಲು ದಕ್ಷಿಣಕ್ಕೆ ಹೋಗುತ್ತವೆ. ಬಾಯಲ್ಲಿ ಹಲ್ಲಿನ ಬದಲು ಬೀಸುಕಲ್ಲಿನಂಥ ಫಲಕಗಳು. ಚಿಪ್ಪಿನ ಜೀವಿಗಳನ್ನು ಪುಡಿಮಾಡಿ ತಿನ್ನುತ್ತವೆ. ಬಾಲದ ಬುಡದಲ್ಲಿ ವಿಷದ ಮುಳ್ಳು. ಹುಡುಗ ಅದನ್ನು ಮೇಲೆ ತರಲೇ ಇಲ್ಲ, ಉದ್ದದ ಕೊಕ್ಕೆ ಹಿಡಿದು ನೀರಿನಲ್ಲೇ ಗಾಳ ಬಿಡಿಸಲು ನೋಡುತ್ತಿದ್ದ.

"ಬಿಡಬೇಡ ಅನ್ನು," ಎಂದೆ ಅಳಿಯನಿಗೆ. ಮಳೆಗಾಲದಲ್ಲಿ, ಹಸಿಮೀನಿಲ್ಲದ ದಿನಗಳಲ್ಲಿ, ಉಪ್ಪು ಹಾಕಿ ಒಣಗಿಸಿದ ತೊರಕೆಯ ತುಂಡನ್ನು ಅಮ್ಮ ಕೆಂಡದ ಮೇಲೆ ಸುಡುತ್ತಿದ್ದಳು. ಗಂಜಿಯ ಬಟ್ಟಲಿನ ಪಕ್ಕ ಅದೊಂದು ತುಣುಕಿದ್ದರೆ ಬೇರೇನೂ ಬೇಡ. ನನಗೆ ಬೇಕೆಂದಾಗ ಕ್ಯಾಪ್ಟನ್ ಮೊದಲ ಬಾರಿಗೆ ನನ್ನನ್ನು ಗೌರವದಿಂದ ನೋಡಿದ, ಅಥವಾ ಅನುಮಾನದಿಂದ.

ಈ ತೊರಕೆಯನ್ನು ತಿಂದ ಹಳೆಯ ದಾಖಲೆಯೊಂದು ಆ ಕೊಲ್ಲಿಯಲ್ಲೇ ಇದೆ. 1608ರ ಬೇಸಿಗೆಯಲ್ಲಿ ಇಂಗ್ಲಿಷ್ ಕ್ಯಾಪ್ಟನ್ ಜಾನ್ ಸ್ಮಿತ್ ಕೊಲ್ಲಿ ಸುತ್ತುತ್ತಿದ್ದಾಗ ರ‍್ಯಾಪಹ್ಯಾನಕ್ ಹೊಳೆಯ ಬಾಯಲ್ಲಿ ಅವನ ದೋಣಿ ಇಳಿತಕ್ಕೆ ಸಿಕ್ಕಿ ನೆಲ ಕಚ್ಚಿತು. ಸುಮ್ಮನೆ ಕೂರದೆ ಕತ್ತಿಯಿಂದ ಮೀನು ಚುಚ್ಚಲು ಹೋದ. ಒಂದು ತೊರಕೆ ಬಾಲ ಬೀಸಿ ಮಣಿಕಟ್ಟಿಗೆ ಮುಳ್ಳು ಹೊಡೆಯಿತು. ತೋಳು, ಭುಜ ಊದಿ, ಜೊತೆಗಾರರು ಹತ್ತಿರದ ದ್ವೀಪದಲ್ಲಿ ಅವನ ಗೋರಿಯನ್ನೇ ತೋಡಿಟ್ಟರು. ವೈದ್ಯ ಹಚ್ಚಿದ ಎಣ್ಣೆಯಿಂದಲೋ ಆಯುಷ್ಯ ಗಟ್ಟಿಯಿದ್ದುದರಿಂದಲೋ ಸಂಜೆಗೆ ಚೇತರಿಸಿಕೊಂಡ ಸ್ಮಿತ್, ರಾತ್ರಿಯೂಟಕ್ಕೆ ಆ ತೊರಕೆಯನ್ನೇ ತಿಂದ. ಆ ಜಾಗಕ್ಕೆ ಇಂದಿಗೂ ಸ್ಟಿಂಗ್‌ರೇ ಪಾಯಿಂಟ್ ಎಂದೇ ಹೆಸರು. ಸೇಡು ಮತ್ತು ಸಾರು ಒಂದೇ ಪಾತ್ರೆಯಲ್ಲಿ!

ಆಮೇಲೆ ನಾಲ್ಕು ಶತಮಾನ ಯಾರಿಗೂ ಬೇಡವಾಗಿದ್ದ ತೊರಕೆ ಇತ್ತೀಚೆಗೆ ಖಳನಾಯಕನಾಯಿತು. ದೊಡ್ಡ ಶಾರ್ಕುಗಳು ಕಡಿಮೆಯಾದುದರಿಂದ ಇವು ವಿಪರೀತ ಹೆಚ್ಚಿ ಚಿಪ್ಪುಮೀನನ್ನೆಲ್ಲ ನುಂಗಿಹಾಕಿವೆ ಎಂದು 2007ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಸಂಶೋಧನೆ ಬಂತು. ಕೊಲ್ಲಿ ಉಳಿಸಿ, ತೊರಕೆ ತಿನ್ನಿ ಎಂಬ ಘೋಷಣೆ ಎದ್ದಿತು. ತಿನ್ನುವವರು ಹೆಚ್ಚು ಸಿಗಲಿಲ್ಲ, ಕೊಲ್ಲುವವರು ಸಿಕ್ಕರು. ಬಿಲ್ಲುಬಾಣದಿಂದ ತೊರಕೆ ಹೊಡೆಯುವ ಸ್ಪರ್ಧೆಗಳಾದವು. 2016ರಲ್ಲಿ ಬೇರೆ ವಿಜ್ಞಾನಿಗಳು ಅದೇ ಅಂಕಿಅಂಶ ಜಾಲಾಡಿ, ಆರೋಪದಲ್ಲಿ ಹುರುಳಿಲ್ಲ ಎಂದರು. ವರ್ಷವಿಡೀ ಬಸಿರು ಹೊತ್ತು ಒಂದೇ ಒಂದು ಮರಿ ಹಾಕುವ ಪ್ರಾಣಿ ಇದ್ದಕ್ಕಿದ್ದಂತೆ ಸಂತೆಯಾಗುವುದು ಹೇಗೆ? ಕೊಲ್ಲಿಯ ಸಿಂಪಿಯನ್ನು ಮುಗಿಸಿದ್ದು ಮನುಷ್ಯರ ದುರಾಸೆ ಮತ್ತು ರೋಗ. 2017ರಲ್ಲಿ ಮೇರಿಲ್ಯಾಂಡ್ ಕಾನೂನು ಮಾಡಿ ಆ ಸ್ಪರ್ಧೆಗಳನ್ನು ನಿಲ್ಲಿಸಿತು. ವಸೂಲಾಗದ ಸಾಲಕ್ಕೆಲ್ಲ ಕೊನೆಗೆ ಒಬ್ಬ ಬಡಪಾಯಿ ಜಾಮೀನುದಾರ ಸಿಕ್ಕಿಬೀಳುತ್ತಾನೆ. ಈ ಪದ್ಧತಿ ಬ್ಯಾಂಕಿನಲ್ಲಿ ಮಾತ್ರ ಅಂದುಕೊಂಡಿದ್ದೆ.

ಇದೆಲ್ಲ ನಾನು ಆಮೇಲೆ ತಿಳಿದದ್ದು. ಆ ಹೊತ್ತಿಗೆ ಹುಡುಗ ಮಾಡಿದ್ದು ಇಷ್ಟೇ: ಕೊಕ್ಕೆಯಿಂದ ಅದನ್ನು ಸ್ವಲ್ಪ ಓರೆಮಾಡಿ, ಬಿಳಿಯ ಹೊಟ್ಟೆಯ ಉಬ್ಬನ್ನು ತೋರಿಸಿ, "ಬಸುರಿ ಇರಬೇಕು" ಎಂದ. ಅಳಿಯ ನನ್ನ ಕಡೆ ನೋಡಿದ. ಅವನು ಅದನ್ನು ಕನ್ನಡಕ್ಕೆ ಅನುವಾದಿಸಿ ಹೇಳುವ ಅಗತ್ಯವಿರಲಿಲ್ಲ, ಆದರೂ ಹೇಳಿದ. "ಮಾವ, ಬಸುರಿಯಂತೆ."

ಮನೆಯಲ್ಲಿ ಮಗಳಿಗೆ ಏಳು ತಿಂಗಳು. ನಾವು ಗಂಡಹೆಂಡತಿ ಅಲ್ಲಿಗೆ ಹೋದದ್ದೇ ಅದಕ್ಕೆ. ಬಿಡು ಎಂದೆ.

ಹನ್ನೆರಡಕ್ಕೆ ದಕ್ಕೆಗೆ ಮರಳಿದಾಗ ಆರು ಮಂದಿಯ ಲೆಕ್ಕಕ್ಕೆ ಮೂರು ಮೀನು. ಅದರಲ್ಲೊಂದು, ಸರಿಯಾಗಿ ಇಪ್ಪತ್ತೊಂದು ಇಂಚಿನದು,  ಅಳಿಯನದು. ಅವನು ತಿನ್ನುವುದಿಲ್ಲ, ಹಿಡಿಯುವುದಕ್ಕೆ ಅಡ್ಡಿಯಿಲ್ಲವಂತೆ. ಇದು ಯಾವ ಶಾಸ್ತ್ರದಲ್ಲಿದೆಯೋ. ಹುಡುಗ ಕಟ್ಟೆಯ ಮೇಲೆ ಮೀನು ಹಾಕಿ, ನೋಡುತ್ತಿದ್ದಂತೆಯೇ ಎರಡು ಬದಿಯ ಮಾಂಸವನ್ನು ಪುಸ್ತಕದ ಹಾಳೆಯಂತೆ ಎಬ್ಬಿಸಿ ಚೀಲಕ್ಕೆ ಹಾಕಿದ. ತಲೆ, ನಡುಮುಳ್ಳು, ಬಾಲ ಎಲ್ಲವನ್ನೂ ಕಸದ ಡಬ್ಬದ ಕಡೆ ತಳ್ಳಿದ. "ಹೋಯ್!" ಎಂದು ಕೂಗಿದ ನನ್ನ ಧ್ವನಿಗೆ ಕಡಲಕ್ಕಿಗಳೂ ಎದ್ದವು. ಮೂರೂ ತಲೆಗಳನ್ನು ಕೇಳಿ ಪಡೆದೆ. ಹುಡುಗನಿಗೆ ಕೊಡಬೇಕಾದ ಟಿಪ್ಸ್ ಬಾಡಿಗೆಯ ಐದರಲ್ಲೊಂದು ಪಾಲು ಎಂದು ಅಳಿಯ ಹೇಳಿದಾಗ ತುಟಿಪಿಟಕ್ಕೆನ್ನದೆ ಒಪ್ಪಿದೆ. ತಲೆಯ ಬೆಲೆ ಗೊತ್ತಿಲ್ಲದ ಹುಡುಗ, ಇರಲಿ.

ಸಂಜೆ ಇಂಡಿಯನ್ ಅಂಗಡಿಯ ಮಂಜುಗಟ್ಟಿದ ತೆಂಗಿನತುರಿ ಕರಗಿಸಿ, ಊರಿನಿಂದ ಹೊತ್ತು ತಂದ ಮೆಣಸು ಹುರಿದು, ನನ್ನ ಹೆಂಡತಿ ತಲೆಯ ಸಾರು ಮಾಡಿದಳು. ಮಗಳು ಎರಡು ಸಲ ಬಡಿಸಿಕೊಂಡಳು. "ಕಡಲ ಮಕ್ಕಳು ಇಷ್ಟು ದುಡ್ಡು ಸುರಿದು ತಂದದ್ದು ಬರೀ ತಲೆಯಾ?" ಎಂದು ಹೆಂಡತಿ ಕೇಳಿದ್ದಕ್ಕೆ ನಾನು ಉತ್ತರಿಸಲಿಲ್ಲ. ಬಾಳೆಹಣ್ಣು ಎಲ್ಲಿ ಎಂದು ಕೇಳಿದ್ದಕ್ಕೂ.

ಅವು ಕಾರಿನ ಹಿಂಬದಿಯಲ್ಲಿ, ಬಿಸಿಲಿಗೆ ಇಡೀ ದಿನ ಬೆಂದು, ಕರ್ರಗಾಗಿ ಮೆತ್ತಗಾಗಿದ್ದವು. ನಾನಾಗಿದ್ದರೆ ಎಸೆಯುತ್ತಿದ್ದೆ. ಇವಳು ಸಿಪ್ಪೆ ಸುಲಿದು, ಕಿವಿಚಿ, ಸಕ್ಕರೆ, ಮೊಸರು, ಮೈದಾ ಸೇರಿಸಿ ರಾತ್ರಿಯೇ ಕಲಸಿಟ್ಟಳು. ಬೆಳಿಗ್ಗೆ ಎಣ್ಣೆಯಲ್ಲಿ ಉಬ್ಬಿ ಉಬ್ಬಿ ಬಂದ ಬನ್ಸ್ ಜೊತೆಗೆ ನಮಗೆ ನಿನ್ನೆಯ ಮೀನಿನ ಸಾರು, ಅಳಿಯನಿಗೆ ಕಾಯಿಚಟ್ನಿ. ನಾಲ್ಕನೆಯದನ್ನು ತಟ್ಟೆಗೆ ಹಾಕಿಸಿಕೊಳ್ಳುತ್ತ ಅವನು, "ಮಾವ, ಇನ್ನೊಂದು ಸಲ ಹೋಗುವುದಾದರೆ ಹನ್ನೆರಡು ಹಣ್ಣು ತಗೊಂಡು ಹೋಗೋಣ," ಎಂದ.